ಕತ್ತಲಾದ ಮೇಲೆ ಗಾಡಿ ಎಲ್ಲಿ ಬಿಡುವುದು?

ಮೋಟರ್ ಹೋಮ್ ಬಾಡಿಗೆಗೆ ಹಿಡಿಯುವವರು ಸಾಮಾನ್ಯವಾಗಿ ಹಾಸಿಗೆ ಎಷ್ಟಿವೆ, ಎ.ಸಿ. ಇದೆಯೇ, ಟಾಯ್ಲೆಟ್ ಹೇಗಿದೆ ಎಂದು ವಿಚಾರಿಸುತ್ತಾರೆ. ನಾಯಿಗಳನ್ನೂ ಕಟ್ಟಿಕೊಂಡು ಹೊರಡುವ ಗಂಡ-ಹೆಂಡತಿ ಅದೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕತ್ತಲಾದ ಮೇಲೆ ಗಾಡಿ ಎಲ್ಲಿ ಬಿಡುವುದು? ನಮ್ಮ ರಾಜ್ಯದಲ್ಲಿ ರಸ್ತೆಗಳು ಅಗಲವಾಗಿವೆ, ಗಾಡಿಗಳು ಸಿಗುತ್ತಿವೆ, ಹೋಗುವ ಆಸೆಯಿರುವ ದಂಪತಿಗಳೂ ಬೇಕಾದಷ್ಟಿದ್ದಾರೆ. ಇಲ್ಲದಿರುವುದು ನಿಲ್ಲುವ ಜಾಗ. ಕುಣಿಗಲ್ ಸೀಮೆಯ ಮಟ್ಟಿಗೆ ಹೇಳುವುದಾದರೆ, ಅಂಥ ಜಾಗ ಒಂದು ಕಾಲದಲ್ಲಿ ಊರೂರಿಗೂ ಇತ್ತು.

ನನ್ನ ಹೆಂಡತಿಯ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿ. ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಬೀದಿಯಿಂದ ಮರಿಯಾಗಿ ತಂದ ಚೆನ್ನಿ, ಇನ್ನೊಂದು ವಯಸ್ಸಾದ ಲ್ಯಾಬ್ರಡಾರ್ ಬ್ರೂನೊ. ನಾಯಿ ಸಾಕಿದವರಿಗೆ ಪ್ರಯಾಣದ ಕಷ್ಟ ಗೊತ್ತು. ರೈಲಿನಲ್ಲಾದರೆ ಮೊದಲ ದರ್ಜೆಯ ಎ.ಸಿ. ಬೋಗಿಯ ಕೂಪೆಯನ್ನೇ ಪೂರ್ತಿ ಕಾದಿರಿಸಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬೇಕು. ಕೆಎಸ್‌ಆರ್‌ಟಿಸಿಯವರು 2022ರಲ್ಲಿ ನಾಯಿಯ ಪೂರ್ತಿ ಟಿಕೆಟನ್ನು ಅರ್ಧಕ್ಕೆ ಇಳಿಸಿದ್ದು ಒಳ್ಳೆಯ ಕೆಲಸವೇ. ಆದರೂ ಮೂವತ್ತು ಕೆ.ಜಿ. ತೂಗುವ ಲ್ಯಾಬ್ರಡಾರನ್ನು ತುಂಬಿದ ಬಸ್ಸಿಗೆ ಹತ್ತಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಹೋಟೆಲುಗಳಲ್ಲಿ ನಾಯಿ ಎಂದ ಕೂಡಲೇ ಕೋಣೆ ಖಾಲಿ ಇರುವುದಿಲ್ಲ. ಹೀಗಾಗಿ ಮನೆಯನ್ನೇ ಚಕ್ರದ ಮೇಲೆ ಇಟ್ಟುಕೊಂಡು ಹೋಗುವ ಯೋಚನೆ ನಾಯಿ ಇರುವ ಮನೆಗಳಲ್ಲೇ ಮೊದಲು ಹುಟ್ಟುತ್ತದೆ.

ಇದು ಹೊಸದೇನೂ ಅಲ್ಲ. ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯ 1885ರಲ್ಲಿ ‘ವಾಂಡರರ್’ ಎಂಬ ಗಾಡಿಮನೆ ಕಟ್ಟಿಸಿ, ಎರಡು ಕುದುರೆ ಹೂಡಿ ಬ್ರಿಟನ್ ಸುತ್ತಿದ. ಬರೀ ಸಂತೋಷಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಅದು ಎನ್ನುತ್ತಾರೆ. ಗಾಡಿ ಹೊಡೆಯುವವನು, ಒಬ್ಬ ಆಳು, ಒಂದು ಗಿಣಿ ಅವನ ಜೊತೆಗಿದ್ದವು. ಜೊತೆಗೆ ಹರಿಕೇನ್ ಬಾಬ್ ಎಂಬ ದೊಡ್ಡ ನಾಯಿಯೂ ಇತ್ತು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಮೇಲೆ ಮನೆ ಕೂರಿಸಿಕೊಂಡು ತನ್ನ ದೇಶ ಸುತ್ತಲು ಹೊರಟಾಗ ಕರೆದುಕೊಂಡು ಹೋದದ್ದು ಚಾರ್ಲಿ ಎಂಬ ಪೂಡಲ್ ನಾಯಿಯನ್ನು. ನಮ್ಮಲ್ಲಂತೂ ಜಾತ್ರೆಗೆ ಕಮಾನು ಗಾಡಿ ಕಟ್ಟಿದರೆ ಅಕ್ಕಿ, ರಾಗಿಹಿಟ್ಟು, ಮಡಕೆ, ಹಾಸಿಗೆ ಎಲ್ಲ ಗಾಡಿಯ ಒಳಗೆ. ಅಚ್ಚಿನ ಕೆಳಗೆ ಲಾಟೀನು. ಅದೇ ನೆರಳಿನಲ್ಲಿ ಮನೆಯ ನಾಯಿ. ಶಿವರಾತ್ರಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರಿದಾಗ ಸಂಸಾರಗಳು ದಿನಗಟ್ಟಲೆ ಗಾಡಿಯಡಿಯಲ್ಲೇ ಕಾಲ ಹಾಕುತ್ತಿದ್ದವು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಮಂಡಳಿಯ ಬದುಕೇ ಊರಿಂದೂರಿಗೆ ಕ್ಯಾಂಪ್ ಹಾಕುವುದಾಗಿತ್ತು. ಮುಂದೆ ಗುಬ್ಬಿ ವೀರಣ್ಣನವರದಾದ ಈ ಕಂಪನಿಯಲ್ಲಿ ಮಕ್ಕಳು ಹುಟ್ಟಿ ಬೆಳೆದದ್ದು ಕ್ಯಾಂಪುಗಳಲ್ಲೇ.

ಬಂಡಿಯವರು ನಿಲ್ಲುತ್ತಿದ್ದುದು ಗುಂಡುತೋಪಿನಲ್ಲಿ. ಹಳೇ ಮೈಸೂರು ಸೀಮೆಯ ಯಾವ ಗ್ರಾಮ ನಕ್ಷೆ ಬಿಡಿಸಿದರೂ ಊರಿನ ಅಂಚಿಗೋ ದಾರಿಯ ಬದಿಗೋ ಒಂದು ತುಂಡು ನೆಲ ಆ ಹೆಸರಿನಲ್ಲಿ ಸಿಗುತ್ತದೆ. ಮಾವು, ನೇರಳೆ, ಹಲಸು, ಹುಣಸೆ, ಇಪ್ಪೆ, ಹೊಂಗೆ; ಹತ್ತಿರದಲ್ಲೇ ಒಂದು ಬಾವಿಯೋ ಕಟ್ಟೆಯೋ ಕೆರೆಯೋ. ಎತ್ತು ಬಿಚ್ಚಿ ಕಟ್ಟಲು ಮರ, ಮೂರು ಕಲ್ಲಿಟ್ಟು ಒಲೆ ಹೂಡಲು ನೆಲ, ಒಣಗಿದ ಕಡ್ಡಿ, ನೀರು. ಈ ಕಾಲದ ಯೂರೋಪಿನ ಕ್ಯಾರವಾನ್ ಪಾರ್ಕಿನಲ್ಲಿ ಇರುವುದೂ ಬಹುಮಟ್ಟಿಗೆ ಇವೇ: ನೆರಳು, ನೀರು, ಸಮತಟ್ಟಾದ ನೆಲ, ಕೊಳೆ ಹಾಕಲು ಒಂದು ಜಾಗ, ಇಲ್ಲಿ ನಿಲ್ಲಬಹುದು ಎಂಬ ಅನುಮತಿ. ಆ ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಯಾರೋ ಕಿಟಕಿ ತಟ್ಟಿ ‘ಯಾರು ನೀವು, ಇಲ್ಯಾಕೆ ನಿಂತಿದೀರ?’ ಎಂದು ಕೇಳಿದಾಗ ನಾಯಿಗಳೆರಡೂ ಬೊಗಳತೊಡಗಿದರೆ, ಆಮೇಲೆ ಯಾರಿಗೂ ನಿದ್ದೆಯಿಲ್ಲ.

ಸರ್ಕಾರಗಳು ಈ ಕಡೆ ಕಣ್ಣು ಹಾಯಿಸಿವೆ. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಸ್ಥಾನ ಸಿಕ್ಕಿತು. ಕೇರಳ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ನೀತಿ ತಂದಿತು. ಆದರೆ ನೀತಿಗಳ ಕಣ್ಣಿರುವುದು ದೊಡ್ಡ ತಾಣಗಳ ಮೇಲೆ, ಹಣ ಹೂಡಿ ಪಾರ್ಕ್ ಕಟ್ಟುವವರ ಮೇಲೆ. ಹಂಪಿ, ಕೊಡಗುಗಳಲ್ಲಿ ಪಾರ್ಕ್ ಆಗಲಿ, ಬೇಡವೆನ್ನುವುದಿಲ್ಲ. ನಾಯಿ ಕರೆದುಕೊಂಡು ಹೋಗುವವರಿಗೆ ಬೇಕಾದದ್ದು ಅಷ್ಟು ದೂರದ, ಅಷ್ಟು ಜನಜಂಗುಳಿಯ ಜಾಗವಲ್ಲ. ಬೆಂಗಳೂರಿನಿಂದ ಕುಣಿಗಲ್ 70 ಕಿಲೋಮೀಟರ್ ಆಸುಪಾಸು. ನೆಲಮಂಗಲ ದಾಟಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ, ನಾಯಿಗೆ ಕಾಲಾಡಿಸಲು ಒಂದು ಸಲ ನಿಲ್ಲಿಸಿದರೂ, ಬೆಳಗಿನ ಬಿಸಿಲು ಏರುವಷ್ಟರಲ್ಲಿ ಕುಣಿಗಲ್ ದೊಡ್ಡಕೆರೆ ಕಾಣುತ್ತದೆ. ಅಲ್ಲಿಂದ ಮುಂದೆ ಯಾವ ಒಳದಾರಿ ಹಿಡಿದರೂ ತೆಂಗು, ಅಡಿಕೆ, ರಾಗಿ ಹೊಲ, ಕೆರೆ ಏರಿ, ದೂರದಲ್ಲಿ ಬೋಳು ಬಂಡೆಯ ಬೆಟ್ಟ.

ಗಾಡಿಯ ಒಳಗೆ

ಮೋಟರ್ ಹೋಮ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ನಿಲ್ಲುವ ಜಾಗ ಯಾಕೆ ಮುಖ್ಯ ಎನ್ನುವುದೂ ಅರ್ಥವಾಗುತ್ತದೆ. ನಮ್ಮಲ್ಲಿ ಓಡಾಡುವ ಬಹುಪಾಲು ಗಾಡಿಗಳು ಜನ ಟಿಟಿ ಎಂದು ಕರೆಯುವ ಟೆಂಪೊ ಟ್ರಾವೆಲರ್ ಅಥವಾ ಅಂಥದ್ದೇ ವ್ಯಾನಿನ ಮೇಲೆ ಕಟ್ಟಿದವು. ಹಳೆಯ ವ್ಯಾನ್ ಕೊಂಡು ಗ್ಯಾರೇಜಿನಲ್ಲಿ ಮಂಚ ಬಡಿಸಿದರೆ ಅದು ಕಾನೂನಿನ ಕಣ್ಣಲ್ಲಿ ಮೋಟರ್ ಹೋಮ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಮತ್ತೆ ಖಡಾಖಂಡಿತವಾಗಿ ಹೇಳಿದೆ. ಮೋಟರ್ ಕ್ಯಾರವಾನುಗಳಿಗೆ ಎಐಎಸ್-124 ಎಂಬ ಸುರಕ್ಷತಾ ಮಾನದಂಡವಿದೆ. ಅದರಂತೆ ಮಂಜೂರಾದ ಗಾಡಿಯನ್ನು ಸ್ವಂತಕ್ಕೆ ಕ್ಯಾಂಪರ್ ವ್ಯಾನ್ ಎಂದು ನೋಂದಾಯಿಸಬಹುದು. ಬಾಡಿಗೆಗೆ ತೆಗೆದುಕೊಳ್ಳುವವರು ಆರ್‌ಸಿ ಪುಸ್ತಕ, ವಿಮೆ, ಎಫ್‌ಸಿ ನೋಡದೆ ಮುಂಗಡ ಕೊಡಬಾರದು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೇ ಅವನ್ನು. 7,500 ಕೆ.ಜಿ. ಒಳಗಿನ ಗಾಡಿಯಾದರೆ ಕಾರಿನ ಎಲ್‌ಎಂವಿ ಪರವಾನಗಿಯೇ ಸಾಕು ಎಂಬುದನ್ನು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೇ ಸ್ಪಷ್ಟಪಡಿಸಿತು.

ಒಳಗಿನ ಲೆಕ್ಕಾಚಾರ ನೀರು ಮತ್ತು ಕರೆಂಟಿನದು. 12 ವೋಲ್ಟಿನ, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 2.4 ಯುನಿಟ್ ವಿದ್ಯುತ್. ಮನೆಯ ಎ.ಸಿ.ಯಂಥದ್ದು ಗಂಟೆಗೆ ಒಂದು ಯುನಿಟ್ ಕುಡಿದರೆ ಎರಡು ಗಂಟೆಯಲ್ಲಿ ಬ್ಯಾಟರಿ ಬರಿದು. ಅದೇ ಸಣ್ಣ ಫ್ಯಾನೊಂದು ಇಡೀ ರಾತ್ರಿ ತಿರುಗಿದರೂ ಕಾಲು ಯುನಿಟ್ ಆಗುವುದಿಲ್ಲ. ಚಾವಣಿಯ ಮೇಲಿನ 400 ವಾಟ್ ಸೌರಫಲಕ ಒಳ್ಳೆಯ ಬಿಸಿಲಿದ್ದ ದಿನ ಒಂದೂವರೆ ಯುನಿಟ್ ಕೊಟ್ಟೀತು. ಅಂದರೆ ಹೊರಗಿನ ಕರೆಂಟಿಲ್ಲದ ಕಡೆ ಎ.ಸಿ.ಯ ಮೇಲೆ ಭರವಸೆ ಇಡುವಂತಿಲ್ಲ. ಮರದ ನೆರಳೇ ಎ.ಸಿ. ಇಬ್ಬರಿಗೆ ಅಡುಗೆ, ಪಾತ್ರೆ, ತಲಾ ಒಂದು ಬಕೆಟ್ ಸ್ನಾನ ಎಂದರೆ ದಿನಕ್ಕೆ ಐವತ್ತು ಅರವತ್ತು ಲೀಟರ್ ನೀರು ಬೇಕು. ನಾಯಿಗೆ ಮೈತೂಕದ ಪ್ರತಿ ಕೆ.ಜಿ.ಗೆ ಐವತ್ತು ಅರವತ್ತು ಮಿಲಿಲೀಟರ್, ಬಿಸಿಲಲ್ಲಿ ಇನ್ನೂ ಹೆಚ್ಚು. ಹೀಗಾಗಿ ಮನೆಯಷ್ಟು ದೊಡ್ಡ ಗಾಡಿಯಾದರೂ ಎರಡು ದಿನಕ್ಕೊಮ್ಮೆ ಯಾರದೋ ಬೋರ್‌ವೆಲ್ ಮುಂದೆ ಪೈಪ್ ಹಿಡಿದು ನಿಲ್ಲಲೇಬೇಕು.

ಟಾಯ್ಲೆಟ್ಟಿನ ವಿಚಾರವನ್ನು ಎಲ್ಲರೂ ಮೆಲ್ಲಗೆ ದಾಟಿಸಿಬಿಡುತ್ತಾರೆ, ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ಪಾತ್ರೆ, ಸ್ನಾನದ ಕೊಳೆನೀರು ಒಂದು ತೊಟ್ಟಿಗೆ ಹೋಗುತ್ತದೆ, ಮಲಮೂತ್ರ ಬೇರೆ ಡಬ್ಬಿಗೆ. ಆ ಡಬ್ಬಿಯಲ್ಲಿ ಹಿಡಿಯುವುದು ಸುಮಾರು ಇಪ್ಪತ್ತು ಲೀಟರ್. ಇಬ್ಬರಿಗೆ ಎರಡು ಮೂರು ದಿನ. ಆಮೇಲೆ ಅದನ್ನು ಶೌಚಗುಂಡಿಗೋ ಒಳಚರಂಡಿಗೋ ಸುರಿದು ತೊಳೆಯಬೇಕು. ಕೆರೆಯ ಕೋಡಿಗೆ, ಹೆದ್ದಾರಿಯ ಮೋರಿಗೆ ಸುರಿದು ಹೋಗುವವರಿದ್ದಾರೆ. ಕುಣಿಗಲ್ ಸೀಮೆಯ ಕೆರೆಗಳು ಹೇಮಾವತಿ ನಾಲೆಯ ನೀರಿಗೆ ವರ್ಷವರ್ಷವೂ ಕಾದು ಕೂರುವ ಕೆರೆಗಳು. ಅಂಥ ನೀರಿಗೆ ಕೊಳೆ ಬೆರೆಸುವವರಿಗೆ ಆ ಊರಲ್ಲಿ ನಿಲ್ಲುವ ಹಕ್ಕಿಲ್ಲ. ಪಂಚಾಯಿತಿಯವರಿಗೆ ಹತ್ತು ರೂಪಾಯಿಯೋ ನೂರು ರೂಪಾಯಿಯೋ ಕೊಟ್ಟು ಸಮುದಾಯ ಶೌಚಾಲಯದ ಗುಂಡಿಯನ್ನು ಬಳಸುವ ವ್ಯವಸ್ಥೆಯಾದರೆ ಇಬ್ಬರ ಮಾನವೂ ಉಳಿಯುತ್ತದೆ.

ಒಳದಾರಿಯ ಮೇಲೆ ಇನ್ನೊಂದು ಎಚ್ಚರ. ಡಿಸೆಂಬರ್, ಜನವರಿಯಲ್ಲಿ ಈ ಕಡೆ ರಾಗಿ ತೆನೆ, ಹುರುಳಿ ಗಿಡಗಳನ್ನು ಒಕ್ಕಣೆಗೆಂದು ಡಾಂಬರು ರಸ್ತೆಯ ಮೇಲೇ ಹರಡಿರುತ್ತಾರೆ. ಕಣ ಮಾಡುವ ಜಾಗ ಕಡಿಮೆಯಾಗಿ, ಕೂಲಿ ದುಬಾರಿಯಾಗಿ ಬಂದ ಪದ್ಧತಿ ಇದು. ಹುರುಳಿ ಬಳ್ಳಿ ಗಾಡಿಯಡಿಯ ತಿರುಗುವ ಅಚ್ಚಿಗೆ ಸುತ್ತಿಕೊಂಡರೆ ಉಜ್ಜಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹಾಗೆ ಸುಟ್ಟುಹೋದ ಕಾರುಗಳಿವೆ. ಗ್ಯಾಸ್ ಸಿಲಿಂಡರ್ ಇರುವ ಗಾಡಿಯಲ್ಲಿ ಇಂಥದ್ದಕ್ಕೆ ಆಸ್ಪದ ಕೊಡಬಾರದು. ಒಕ್ಕಣೆ ಕಂಡಲ್ಲಿ ಇಳಿದು ಕೇಳಿದರೆ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾರೆ. ಹತ್ತಡಿ ಎತ್ತರದ ಗಾಡಿಗೆ ತೋಟದ ದಾರಿಯ ಜೋತುಬಿದ್ದ ಕರೆಂಟ್ ತಂತಿ, ಹುಣಸೆಯ ಕೊಂಬೆಗಳೂ ಅಡ್ಡಿಯೇ. ಒಬ್ಬರು ಇಳಿದು ಮುಂದೆ ನಡೆದು ನೋಡಿಕೊಳ್ಳಬೇಕು.

ನಾಯಿಯ ದಾರಿ ಬೇರೆ

ನಾಯಿ ಬೆವರುವುದು ಪಾದದಲ್ಲಿ ಮಾತ್ರ. ಉಳಿದ ತಾಪವನ್ನೆಲ್ಲ ಅದು ನಾಲಿಗೆ ಚಾಚಿ, ಉಸಿರು ಬಿಟ್ಟು ಬಿಟ್ಟು ಹೊರಹಾಕಬೇಕು. ಅದರ ಸಹಜ ಮೈಶಾಖವೇ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಕ್ಕೆ ಸಂಚಕಾರ. ಹೊರಗೆ 30 ಡಿಗ್ರಿ ಇದ್ದ ದಿನ ಬಿಸಿಲಲ್ಲಿ ನಿಂತ, ಗಾಜು ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿ ದಾಟುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸಿದರೆ ಸಾಕು ಎಂದುಕೊಂಡು ಊಟಕ್ಕೆ ಹೋಗುವವರನ್ನು ಹೆದ್ದಾರಿ ಹೋಟೆಲುಗಳ ಮುಂದೆ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ದಯವಿಟ್ಟು ಒಬ್ಬರು ಒಳಗೆ ಹೋಗಿ, ಒಬ್ಬರು ನಾಯಿಯ ಜೊತೆ ನೆರಳಲ್ಲಿ ನಿಲ್ಲಿ. ಪಗ್‌ನಂಥ ಮೋಟು ಮೂಗಿನ ನಾಯಿಗಳನ್ನು ಮಾರ್ಚ್‌ನಿಂದ ಮೇವರೆಗೆ ಇಂಥ ಪ್ರಯಾಣಕ್ಕೆ ಹೊರಡಿಸಲೇಬಾರದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಈ ಸೀಮೆಗೆ ಹೇಳಿ ಮಾಡಿಸಿದ್ದು. ಅವರೆಕಾಯಿಯ ಕಾಲವೂ ಹೌದು.

ಒಬ್ಬರು ನಾಯಿಗಳ ಜೊತೆ ನಿಲ್ಲುವ ಸರದಿಯನ್ನು ನಾವಿಬ್ಬರೂ ಯೆಡಿಯೂರಿನಲ್ಲಿ ಪಾಲಿಸುತ್ತೇವೆ. ಸಿದ್ಧಲಿಂಗೇಶ್ವರನ ಗದ್ದುಗೆಯ ದರ್ಶನಕ್ಕೆ ಮೊದಲು ಅವಳು, ಆಮೇಲೆ ನಾನು. ದಾಸೋಹದ ಊಟಕ್ಕೂ ಅದೇ ಸರದಿ. ಅಲ್ಲಿಂದ ಹತ್ತಿರದ ಮಾರ್ಕೋನಹಳ್ಳಿ ಜಲಾಶಯ ನಾಯಿಗಳಿಗೂ ನಮಗೂ ಒಪ್ಪುವ ಜಾಗ. ದೇವರಾಯನದುರ್ಗದಲ್ಲಿ ಹುಟ್ಟಿ ಹರಿದು ಬರುವ ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಈ ಅಣೆಯ ವಿಶೇಷ ಅದರ ಸೈಫನ್‌ಗಳು. ನೀರು ಮಟ್ಟ ಮೀರಿದೊಡನೆ ಬಾಗಿದ ಕೊಳವೆಗಳು ಯಾರ ಕೈಯೂ ಸೋಕದೆ ಹೆಚ್ಚಿನ ನೀರನ್ನು ತಾವೇ ಎಳೆದು ಹೊರಗೆ ಬಿಡುತ್ತವೆ. ಗೇಟು ಎತ್ತುವವರು ಬೇಕಿಲ್ಲ. ಅಣೆಯ ಹತ್ತಿರ ನಾಯಿಯನ್ನು ನೀರಿಗೆ ಬಿಡುವುದು ಮಾತ್ರ ಬೇಡ.

ಇದೇ ಸೀಮೆಯ ಹುತ್ರಿದುರ್ಗದ ಬೆಟ್ಟವನ್ನು ಚೆನ್ನಿ ನನಗಿಂತ ಚೆನ್ನಾಗಿ ಹತ್ತುತ್ತದೆ. ಒಂದರ ಮೇಲೊಂದು ಕೋಟೆ ಬಾಗಿಲು ದಾಟಿ ಮೇಲೆ ಹೋದರೆ ಶಂಕರೇಶ್ವರನ ಗುಡಿ. ಬೆಳಕು ಹರಿಯುವ ಹೊತ್ತಿಗೆ ಹತ್ತಲು ತೊಡಗಿ ಒಂಬತ್ತಕ್ಕೆಲ್ಲ ಇಳಿದುಬಿಡಬೇಕು. ಹತ್ತು ಗಂಟೆಯ ಬಂಡೆ ನಾಯಿಯ ಪಾದ ಸುಡುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಬಂಡೆಗೆ ಒತ್ತಿ ಐದು ಎಣಿಸಲು ಆಗದಿದ್ದರೆ ನಾಯಿಯೂ ಅಲ್ಲಿ ಕಾಲಿಡಬಾರದು. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯುವುದು ದಿನದ ಕೆಲಸ. ಉಣ್ಣೆಯಿಂದ ಬರುವ ಜ್ವರದಲ್ಲಿ ನಾಯಿ ಮೊದಲು ಊಟ ಬಿಡುತ್ತದೆ, ಆಮೇಲೆ ವಸಡು ಬಿಳಿಚುತ್ತದೆ. ಅಷ್ಟು ಕಂಡರೆ ಕಾಯುವುದು ತಪ್ಪು. ತಾಲ್ಲೂಕು ಕೇಂದ್ರಗಳಲ್ಲಿ ಪಶು ಆಸ್ಪತ್ರೆಗಳಿವೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಎಂಬ ಸಹಾಯವಾಣಿ ಇದೆ. ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆಯ ಪುಸ್ತಕ ಗಾಡಿಯ ಕಾಗದಗಳ ಜೊತೆಗೇ ಇರಲಿ.

ಡಿಸ್ಟೆಂಪರ್ ಎಂದಾಗ ಕಾಡಿನ ವಿಚಾರ ಹೇಳಲೇಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಇದೇ ನಾಯಿ ಡಿಸ್ಟೆಂಪರ್ ವೈರಸ್. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರವೇ ನಿಷೇಧ. ಕಾಡಿನಂಚಿನ ರೆಸಾರ್ಟುಗಳ ಕನಸು ಕಾಣುವ ನಾಯಿ ಸಾಕಿದವರು ಕುಣಿಗಲ್‌ನಂಥ ಬಯಲು ಸೀಮೆಯ ಕಡೆ ತಿರುಗಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇಲ್ಲಿ ನಾಯಿ ಊರಿನ ಪ್ರಾಣಿ. ಅದನ್ನು ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ.

ಹಾಗೆಂದು ಇಲ್ಲಿ ಅಪಾಯವಿಲ್ಲವೆಂದಲ್ಲ. ಕೊತ್ತಗೆರೆ ಹತ್ತಿರ ನಾವು ಒಬ್ಬರು ಹಿರಿಯರ ತೆಂಗಿನ ತೋಟದ ಅಂಚಿನಲ್ಲಿ ಗಾಡಿ ಬಿಡಲು ಕೇಳಿದೆವು. ಅವರು ಜಾಗ ತೋರಿಸಿ, ಬೋರ್‌ವೆಲ್ ಸ್ವಿಚ್ ಎಲ್ಲಿದೆ ಎಂದು ಹೇಳಿ, ಹೋಗುವಾಗ ತಿರುಗಿ ನಿಂತರು.

‘ನಾಯಿನ ಒಳೀಕೇ ಮಲಗಿಸ್ಕಳಿ ಸ್ವಾಮಿ. ರಾತ್ರಿ ಈಚೆಗೆ ಕಟ್ಬ್ಯಾಡಿ. ಚಿರತೆ ಕಾಟ.’

‘ಈಗ್ಲೂ ಬರುತ್ತಾ ಯಜಮಾನ್ರೆ?’ ಎಂದಳು ನನ್ನವಳು.

‘ಬರ್ದೇ ಏನವ್ವ? ನಾಯಿ ವಾಸ್ನೆ ಸಾಕು ಅದ್ಕೆ.’

ಅವರು ಹೇಳಿದ್ದು ಬರೀ ಭಯದ ಮಾತಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ದನ ಮೇಯಿಸಲು ಹೋದವರು, ಅಂಗಳದಲ್ಲಿ ಆಡುತ್ತಿದ್ದವರು. ಆ ನೋವು ಆ ಊರುಗಳಲ್ಲಿ ಇನ್ನೂ ಆರಿಲ್ಲ. ಚಿರತೆ ಊರಿನ ಸುತ್ತ ಉಳಿಯುವುದಕ್ಕೆ ನಾಯಿಗಳೂ ಒಂದು ಕಾರಣ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಅವು ತಿಂದದ್ದರಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 39 ಸಾಕುನಾಯಿಗಳೇ ಆಗಿದ್ದವು. ಇಲ್ಲಿನ ಚಿರತೆಯೂ ಬಂಡೆಗುಡ್ಡದ ಸಂದಿನಲ್ಲಿ ಹಗಲು ಕಳೆದು ಕತ್ತಲಾದ ಮೇಲೆ ಊರ ಅಂಚಿಗೆ ಇಳಿಯುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಮೋಟರ್ ಹೋಮಿನ ಮೊದಲ ಕಟ್ಟಳೆ: ಸೂರ್ಯ ಮುಳುಗುವ ಮೊದಲು ನಾಯಿಯ ಓಡಾಟ ಮುಗಿಯಬೇಕು, ರಾತ್ರಿ ಬಾಗಿಲು ಹಾಕಿರಬೇಕು, ನಡುರಾತ್ರಿ ಇಳಿಸಲೇಬೇಕಾಗಿ ಬಂದರೆ ಟಾರ್ಚ್ ಹಿಡಿದು ಇಬ್ಬರೂ ಇಳಿಯಬೇಕು, ಹಗ್ಗ ಗಿಡ್ಡವಾಗಿರಬೇಕು. ಉಳಿದ ಅನ್ನ, ಮೂಳೆಗಳನ್ನು ಗಾಡಿಯ ಸುತ್ತ ಚೆಲ್ಲಬಾರದು. ಅದಕ್ಕೆ ಬೀದಿನಾಯಿ ಬರುತ್ತದೆ, ಬೀದಿನಾಯಿಯ ಹಿಂದೆ ಚಿರತೆ ಬರುತ್ತದೆ, ನಾವು ಹೋದ ಮೇಲೂ ಬರುತ್ತದೆ. ಆಗ ಆ ತೋಟದಲ್ಲಿ ಇರುವುದು ಆ ಹಿರಿಯರ ಮೊಮ್ಮಕ್ಕಳು. ತೋಟದ ಕಸ, ತೆಂಗಿನ ಗರಿಯ ರಾಶಿಗಳ ಹತ್ತಿರ ಕೊಳಕುಮಂಡಲದ ಹಾವು ಇರುತ್ತದೆ. ಮೂಸುತ್ತಾ ನುಗ್ಗುವ ನಾಯಿಗೆ ಕಡಿತ ಬೀಳುವುದು ಮೂತಿಗೇ.

ಊರಿನ ನಾಯಿಗಳ ಜೊತೆಗಿನ ಜಗಳವೂ ಹಗುರವಾದದ್ದಲ್ಲ. ಹೊಸ ನಾಯಿ ಕಂಡರೆ ಟೀ ಅಂಗಡಿಯ ಮುಂದಿನ ಹಿಂಡು ಸುತ್ತುವರಿಯುತ್ತದೆ. ಕುರಿಮಂದೆಯ ಜೊತೆಗಿರುವ ನಾಯಿಗಳಂತೂ ತಮ್ಮ ಕೆಲಸವನ್ನೇ ಮಾಡುತ್ತವೆ. ಮಂದೆ ಎದುರಾದರೆ ಗಾಡಿ ನಿಲ್ಲಿಸಿ, ನಮ್ಮ ನಾಯಿಗಳನ್ನು ಒಳಗೇ ಕೂರಿಸಿ, ಮಂದೆ ದಾಟುವವರೆಗೆ ಕಾಯುವುದು ಮರ್ಯಾದೆ. ಕುರಿಗಾರ ಸಂಸಾರಗಳು ತಲೆಮಾರುಗಳಿಂದ ನಾಯಿಗಳ ಜೊತೆ ದಾರಿಯ ಮೇಲೆ ಬದುಕಿದವು. ದಾರಿಯಲ್ಲಿ ಮೊದಲ ಹಕ್ಕು ಅವರದ್ದು.

ನಾಯಿಗೆ ಕಲ್ಲು ನಿಲ್ಲಿಸಿದ ನಾಡು

ಹುಲಿಯೂರುದುರ್ಗದಿಂದ ದಕ್ಷಿಣಕ್ಕೆ ಇಳಿದರೆ ಮದ್ದೂರು ತಾಲ್ಲೂಕು. ಅಲ್ಲಿನ ಆತಕೂರಿಗೆ ನಾಯಿ ಸಾಕಿದ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆ ಹೋಗಬೇಕು. ಕ್ರಿ.ಶ. 949-50ರ ಸುಮಾರಿಗೆ, ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟದ ಚಿತ್ರವಿದೆ. ಕಲ್ಲಿನ ಪೂಜೆಗೆ ಭೂಮಿ ದತ್ತಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವ ಪೂಜಾರಿಗೆ ಪಾಪ ತಗಲಲಿ ಎಂದು ಶಾಸನದಲ್ಲೇ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೊರಡುವ ಮುಂಚೆ ಅಲ್ಲಿ ನೋಡಿಕೊಂಡು ಆಮೇಲೆ ಊರಿಗೆ ಹೋಗುವುದು ಒಳ್ಳೆಯದು. ಒಂದು ಸಾಮ್ರಾಜ್ಯದ ಯುದ್ಧದ ಸುದ್ದಿ ನಮಗೆ ಉಳಿದು ಬಂದದ್ದು ಒಂದು ನಾಯಿಯ ನೆಪದಲ್ಲಿ ಎಂಬುದು ನನ್ನ ಮಟ್ಟಿಗೆ ಈ ನಾಡಿನ ಇತಿಹಾಸದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಗೊರವರು ಇಂದಿಗೂ ಮೈಲಾರಲಿಂಗನ ಒಕ್ಕಲು. ದೋಣಿ ಸೇವೆಯಲ್ಲಿ ಅವರು ದೇವರ ನಾಯಿಗಳಾಗಿ ಬೊಗಳುತ್ತಾ ದೋಣಿ ಎಂಬ ಪಾತ್ರೆಯ ಎಡೆಗೆ ಬಾಯಿ ಹಾಕುವುದನ್ನು ಈ ಕಡೆಯ ಜನ ನೋಡಿ ಬೆಳೆದಿದ್ದಾರೆ. ಮದ್ದೂರಿನಿಂದ ಬೆಂಗಳೂರಿನ ಕಡೆ ತಿರುಗಿದರೆ ಚನ್ನಪಟ್ಟಣ. ಅದರ ಹತ್ತಿರದ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ಕಟ್ಟಿದ ನಾಯಿ ಗುಡಿ ಇದೆ. ಒಳಗೆ ಎರಡು ನಾಯಿಗಳ ವಿಗ್ರಹ. ಊರಿನ ದೇವತೆ ಕೆಂಪಮ್ಮನ ಕಾವಲಿಗೆ ಎಂದು ಜನ ನಂಬುತ್ತಾರೆ. ಬೆಂಗಳೂರು, ಕುಣಿಗಲ್, ಕೊತ್ತಗೆರೆ, ಯೆಡಿಯೂರು, ಮಾರ್ಕೋನಹಳ್ಳಿ, ಹುಲಿಯೂರುದುರ್ಗ, ಆತಕೂರು, ಚನ್ನಪಟ್ಟಣ, ಮತ್ತೆ ಬೆಂಗಳೂರು. ಈ ಸುತ್ತನ್ನು ಅವಸರವಿಲ್ಲದೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ ದೂರ ಹೋದರೆ ಮುದಿ ನಾಯಿಗೂ ದಣಿವಾಗುವುದಿಲ್ಲ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಸ್ಟಡ್ ಫಾರಂ ಇದೆ. ಪ್ರಾಣಿಗಳ ಜೊತೆ ಬದುಕುವುದು ಈ ನೆಲಕ್ಕೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ.

ಆದರೂ ಈ ಇಡೀ ಸುತ್ತಿನಲ್ಲಿ, ‘ಇಲ್ಲಿ ಗಾಡಿ ಬಿಡಿ, ನೀರು ಇಲ್ಲಿದೆ, ಕೊಳೆ ಅಲ್ಲಿ ಹಾಕಿ’ ಎಂದು ಬರೆದ ಒಂದು ಬೋರ್ಡು ನಮಗೆ ಸಿಗಲಿಲ್ಲ. ಸಿಕ್ಕಿದ್ದು ಜನರ ಒಳ್ಳೆಯತನ. ತೋಟದ ಯಜಮಾನರು ಬಾಡಿಗೆ ಬೇಡವೆಂದರು, ಎಳನೀರು ಕೆಡವಿ ಕೊಟ್ಟರು. ಅದು ಅವರ ದೊಡ್ಡತನ. ಆದರೆ ಹತ್ತು ಗಾಡಿ ಬರತೊಡಗಿದ ದಿನ ಆ ಒಳ್ಳೆಯತನದ ಮೇಲೆ ಹೊರೆ ಹಾಕುವುದು ತಪ್ಪಾಗುತ್ತದೆ. ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕಿನ ಲಾರಿಗಳ ನಡುವೆ ಮಲಗುವುದು ನಾಯಿಗೂ ನಮಗೂ ನಿದ್ದೆಯಲ್ಲ.

ತೋಪುಗಳು ಎಲ್ಲಿ ಹೋದವು ಎಂದು ಹೆಂಡತಿಯ ಊರಿನ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಒಂದು ಕಡೆ ಮರ ಹರಾಜಾಗಿ ನಿವೇಶನವಾಯಿತು, ಇನ್ನೊಂದು ಕಡೆ ಪಕ್ಕದ ಹೊಲದ ಬದು ವರ್ಷವರ್ಷವೂ ಒಳಗೆ ಸರಿಯಿತು, ಮತ್ತೊಂದು ಕಡೆ ಎತ್ತಿನ ಗಾಡಿಯೇ ಇಲ್ಲದ ಮೇಲೆ ತೋಪು ಯಾಕೆ ಎಂದು ಕಸ ಸುರಿಯತೊಡಗಿದರು. ಗಾಡಿ ಬಿಡುವವರು ಇಲ್ಲವಾದದ್ದೇ ತೋಪು ಅಳಿಯಲು ದೊಡ್ಡ ಕಾರಣವೆಂದು ನನಗನಿಸುತ್ತದೆ. ಬಳಸುವವರು ಇದ್ದರೆ ಕಾಯುವವರೂ ಇರುತ್ತಾರೆ. ಉಳಿದಿರುವ ತೋಪಿಗೆ ದಿನಕ್ಕೊಂದು ಗಾಡಿ ಬಂದು ಪಂಚಾಯಿತಿಗೆ ಒಂದಿಷ್ಟು ಬಾಡಿಗೆ ಸಂದರೆ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಮುದ್ದೆ, ಅವರೆಕಾಳು ಸಾರು ಮಾಡಿ ಮಾರಿದರೆ, ಆ ಮರಗಳಿಗೆ ಕೊಡಲಿ ತಾಗುವ ಮುನ್ನ ಊರು ಎರಡು ಸಲ ಯೋಚಿಸುತ್ತದೆ.

ಬೇಕಾದದ್ದು ಹೆಚ್ಚೇನಲ್ಲ. ಹದ್ದುಬಸ್ತು ಮಾಡಿ ಬೇಲಿ ಹಾಕಿದ ಒಂದು ತೋಪು, ಒಂದು ನಲ್ಲಿ, ಮುಚ್ಚಳವಿರುವ ಒಂದು ಕೊಳೆಗುಂಡಿ, ಚಿರತೆಯ ಭಯ ಇರುವ ಊರಾದ್ದರಿಂದ ಒಂದು ಒಳ್ಳೆಯ ದೀಪ, ಹೆಸರು ಬರೆದುಕೊಳ್ಳುವ ಒಬ್ಬ ಕಾವಲುಗಾರ. ರೆಸಾರ್ಟು ಬೇಡ, ಕಾಂಕ್ರೀಟು ಬೇಡ. ಕೊತ್ತಗೆರೆಯ ಪಂಚಾಯಿತಿಯವರು ಈ ಚಳಿಗಾಲಕ್ಕೆ ಮುಂಚೆ ತಮ್ಮ ಗ್ರಾಮ ನಕ್ಷೆ ತೆಗೆದು, ತೋಪು ಎಂದು ಬರೆದ ನೆಲ ಈಗ ಯಾರ ಕೈಯಲ್ಲಿದೆ ಎಂದು ಅಳೆಸಿ ನೋಡಲಿ. ಗಾಡಿ ತೆಗೆದುಕೊಂಡು ಹೋಗುವ ನಾವು ನಮ್ಮ ಕಸವನ್ನು ನಾವೇ ಹೊತ್ತು, ನಾಯಿಯ ಮಲವನ್ನು ನಾವೇ ಎತ್ತಿ, ಕೇಳಿದ ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಡೋಣ.